ಪಂಪ್‌ಸೆಟ್ಟಿನ ವೋಲ್ಟೇಜ್ ಮತ್ತು ಆಂಪಿಯರ್‌ಗಳಿಂದ ವಿದ್ಯುತ್ ರೋಧ ಹಾಗೂ ಸಾಮರ್ಥ್ಯದ ಲೆಕ್ಕಾಚಾರ

ಕೊಳವೆ ಬಾವಿಯ ಪ್ಯಾನಲ್ ಬೋರ್ಡಿನಲ್ಲಿ ಸಾಮಾನ್ಯವಾಗಿ ಒಂದು ವೋಲ್ಟ್ ಮೀಟರ್ ಮತ್ತು ಒಂದು ಆಂಪಿಯರ್ ಮೀಟರ್ ಇರುತ್ತವೆ. ಬಹುತೇಕರು ಕರೆಂಟು ಬಂದಿದೆಯೇ ಎಂಬುದನ್ನು ತಿಳಿಯಲು ಮಾತ್ರ ಅವುಗಳತ್ತ ನೋಡುತ್ತಾರೆ. ಆದರೆ ಮೋಟಾರು ಎಷ್ಟು ವಿದ್ಯುತ್ ಬಳಸುತ್ತಿದೆ, ಕೇಬಲ್ಲಿನಲ್ಲಿ ಎಷ್ಟು ಪೋಲಾಗುತ್ತಿದೆ, ವೈಂಡಿಂಗ್ ಸುಡುವ ಅಪಾಯವಿದೆಯೇ ಎಂಬುದನ್ನು ಈ ಎರಡು ಅಂಕಿಗಳಿಂದಲೇ ಬಹುಮಟ್ಟಿಗೆ ಅರಿಯಬಹುದು.

ಮೂಲ ಸೂತ್ರಗಳು

ಜರ್ಮನಿಯ ಭೌತವಿಜ್ಞಾನಿ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ, ವೋಲ್ಟೇಜನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧವು ಓಮ್‌ಗಳಲ್ಲಿ ದೊರೆಯುತ್ತದೆ. ವೋಲ್ಟೇಜನ್ನು ಆಂಪಿಯರ್‌ನಿಂದ ಗುಣಿಸಿದರೆ ಸಾಮರ್ಥ್ಯವು ವ್ಯಾಟ್‌ಗಳಲ್ಲಿ ದೊರೆಯುತ್ತದೆ. ಇವೆರಡನ್ನೂ ಸೇರಿಸಿದಾಗ ಮೂರನೆಯ ಸೂತ್ರ ಸಿಗುತ್ತದೆ: ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ವಿದ್ಯುತ್ = ಆಂಪಿಯರ್ × ಆಂಪಿಯರ್ × ರೋಧ. ಕೃಷಿಕರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಮೂರನೆಯದೇ.

ಕೋಳಿಮರಿಗಳ ಬ್ರೂಡರಿಗೆ ಹಾಕುವ 230 ವೋಲ್ಟ್, 100 ವ್ಯಾಟ್‌ನ ತಂತುಬಲ್ಬನ್ನು ತೆಗೆದುಕೊಳ್ಳೋಣ. ಅದು ಎಳೆಯುವ ಪ್ರವಾಹ 100 ÷ 230 = 0.435 ಆಂಪಿಯರ್, ರೋಧ 230 ÷ 0.435 = ಸುಮಾರು 529 ಓಮ್. ರಾತ್ರಿ ವೋಲ್ಟೇಜ್ 200ಕ್ಕೆ ಇಳಿದರೆ ಬಲ್ಬು ಕೊಡುವುದು 200 × 200 ÷ 529, ಅಂದರೆ ಸುಮಾರು 76 ವ್ಯಾಟ್ ಮಾತ್ರ. ವೋಲ್ಟೇಜ್ ಶೇ. 13ರಷ್ಟು ಇಳಿದಾಗ ಶಾಖ ಶೇ. 24ರಷ್ಟು ಕುಸಿಯುತ್ತದೆ. ಬಲ್ಬುಗಳೆಲ್ಲ ಉರಿಯುತ್ತಿದ್ದರೂ ಮರಿಗಳು ಒಂದೆಡೆ ಮುದ್ದೆಗಟ್ಟಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಇಂತಹ ರಾತ್ರಿಗಳಿಗಾಗಿ ಹೆಚ್ಚುವರಿ ಬಲ್ಬುಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು.

ಮೋಟಾರಿನ ಲೆಕ್ಕ ಬೇರೆ

ಓಡುತ್ತಿರುವ ಮೋಟಾರಿನ ವೋಲ್ಟೇಜನ್ನು ಆಂಪಿಯರ್‌ನಿಂದ ಭಾಗಿಸಿ, ಬಂದ ಉತ್ತರವನ್ನೇ ವೈಂಡಿಂಗ್‌ನ ರೋಧವೆಂದು ತಿಳಿಯುವುದು ತಪ್ಪು. ತಿರುಗುವ ಮೋಟಾರಿನಲ್ಲಿ ಕಾಂತೀಯ ಪರಿಣಾಮವೂ ಪ್ರವಾಹವನ್ನು ತಡೆಯುತ್ತದೆ. ವೈಂಡಿಂಗ್‌ನ ನಿಜವಾದ ರೋಧ ಅದಕ್ಕಿಂತ ಬಹಳ ಕಡಿಮೆ. ಸ್ಟಾರ್ಟ್ ಮಾಡಿದ ಕ್ಷಣದಲ್ಲಿ ಮೋಟಾರು ಹಲವು ಪಟ್ಟು ಪ್ರವಾಹ ಎಳೆಯುವುದೂ ಇದೇ ಕಾರಣಕ್ಕೆ. ರೋಧ ತಿಳಿಯಬೇಕಾದರೆ ಮೇನ್ ಸ್ವಿಚ್ ಆರಿಸಿ, ಕೇಬಲ್ಲಿನ ತುದಿಗಳನ್ನು ಸ್ಟಾರ್ಟರಿನಿಂದ ಬಿಚ್ಚಿ, ಮಲ್ಟಿಮೀಟರಿನಿಂದ ಎರಡೆರಡು ತುದಿಗಳ ನಡುವೆ ಅಳೆಯಬೇಕು. ಮೂರೂ ಅಳತೆಗಳು ಹೆಚ್ಚುಕಡಿಮೆ ಸಮನಾಗಿರಬೇಕು. ಒಂದು ಜೋಡಿಯ ಅಳತೆ ತೀರ ಕಡಿಮೆಯಿದ್ದರೆ ವೈಂಡಿಂಗ್ ಶಾರ್ಟ್ ಆಗಿರುವ ಸಂಭವವಿದೆ. ತೀರ ಹೆಚ್ಚಿದ್ದರೆ ಜಾಯಿಂಟ್ ಸಡಿಲವಾಗಿರಬಹುದು ಅಥವಾ ತಂತಿ ತುಂಡಾಗಿರಬಹುದು.

ತ್ರೀಫೇಸ್ ಮೋಟಾರಿನ ಸಾಮರ್ಥ್ಯ = 1.732 × ವೋಲ್ಟೇಜ್ × ಆಂಪಿಯರ್ × ಪವರ್ ಫ್ಯಾಕ್ಟರ್. 5 ಅಶ್ವಶಕ್ತಿಯ ಸಬ್‌ಮರ್ಸಿಬಲ್ ಪಂಪು 380 ವೋಲ್ಟಿನಲ್ಲಿ 9 ಆಂಪಿಯರ್ ಎಳೆಯುತ್ತಿದ್ದು, ಪವರ್ ಫ್ಯಾಕ್ಟರ್ 0.8 ಎಂದಿಟ್ಟುಕೊಂಡರೆ 1.732 × 380 × 9 × 0.8 = ಸುಮಾರು 4,740 ವ್ಯಾಟ್. ಏಳು ಗಂಟೆ ಓಡಿದರೆ 33 ಯೂನಿಟ್. 5 ಅಶ್ವಶಕ್ತಿಯೆಂದರೆ 3,730 ವ್ಯಾಟ್ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದು ಮೋಟಾರಿನ ಶಾಫ್ಟಿನಲ್ಲಿ ದೊರೆಯುವ ಶಕ್ತಿ. ಲೈನಿನಿಂದ ಎಳೆಯುವುದು ಯಾವಾಗಲೂ ಅದಕ್ಕಿಂತ ಹೆಚ್ಚು.

ಕೇಬಲ್ಲಿನ ನಷ್ಟ

ತಾಮ್ರದ ಕೇಬಲ್ಲಿನ ಒಂದು ಎಳೆಯ ರೋಧವನ್ನು ಹೀಗೆ ಅಂದಾಜು ಮಾಡಬಹುದು: 0.0175 × ಉದ್ದ (ಮೀಟರ್) ÷ ಎಳೆಯ ಅಡ್ಡಕೊಯ್ತದ ವಿಸ್ತೀರ್ಣ (ಚದರ ಮಿ.ಮೀ.). ಅಲ್ಯೂಮಿನಿಯಂಗೆ 0.0175ರ ಬದಲು 0.028 ಬಳಸಬೇಕು. ಮೇಲಿನ ಪಂಪಿಗೆ ಸ್ಟಾರ್ಟರಿನಿಂದ ಮೋಟಾರಿನವರೆಗೆ 300 ಮೀಟರ್ ಉದ್ದದ 2.5 ಚ.ಮಿ.ಮೀ. ತಾಮ್ರದ ಕೇಬಲ್ ಹಾಕಿದ್ದರೆ ಪ್ರತಿ ಎಳೆಯ ರೋಧ 2.1 ಓಮ್. ಮೂರು ಎಳೆಗಳಲ್ಲಿ ಆಗುವ ನಷ್ಟ 3 × 9 × 9 × 2.1 = 510 ವ್ಯಾಟ್. ಎಳೆದ ವಿದ್ಯುತ್ತಿನ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ನೀರೆತ್ತದೆ ಕೇಬಲ್ಲನ್ನು ಬಿಸಿ ಮಾಡುತ್ತದೆ. ವೋಲ್ಟೇಜಿನ ಇಳಿಕೆ 1.732 × 9 × 2.1 × 0.8 = 26 ವೋಲ್ಟ್; ಮೇಲೆ 380 ತೋರಿಸಿದರೂ ಮೋಟಾರಿಗೆ ತಲುಪುವುದು ಸುಮಾರು 354. ಇದೇ ಉದ್ದಕ್ಕೆ 4 ಚ.ಮಿ.ಮೀ. ಕೇಬಲ್ ಹಾಕಿದರೆ ನಷ್ಟ 319 ವ್ಯಾಟ್, 6 ಚ.ಮಿ.ಮೀ. ಹಾಕಿದರೆ 213 ವ್ಯಾಟ್. ಸಿಂಗಲ್ ಫೇಸ್ ಪಂಪಿನಲ್ಲಿ ಪ್ರವಾಹ ಹೋಗಿ ಮರಳುವುದರಿಂದ ಉದ್ದವನ್ನು ಎರಡರಷ್ಟು ಹಿಡಿಯಬೇಕು.

ಬೋರನ್ನು ಆಳಗೊಳಿಸಿದಾಗ ಹಳೆಯ ಕೇಬಲ್ಲಿಗೇ ತುಂಡು ಜೋಡಿಸಿ ಇಳಿಸುವ ರೂಢಿಯಿದೆ. ಪಂಪ್‌ಸೆಟ್ಟಿಗೆ ಬಿಲ್ ಬರುವುದಿಲ್ಲವೆಂದು ನಷ್ಟವನ್ನು ಉಪೇಕ್ಷಿಸುವವರೂ ಇದ್ದಾರೆ. ಆದರೆ ಸುಟ್ಟ ಮೋಟಾರನ್ನು ಮೇಲೆತ್ತಿಸಿ ರೀವೈಂಡಿಂಗ್ ಮಾಡಿಸುವ ವೆಚ್ಚ, ಅಷ್ಟು ದಿನ ನೀರಿಲ್ಲದೆ ಒಣಗುವ ಬೆಳೆ, ಎರಡೂ ರೈತರದೇ. ಆದ್ದರಿಂದ ಹೆಚ್ಚು ಅಶ್ವಶಕ್ತಿಯ ಮೋಟಾರಿಗೆ ಹಣ ಹಾಕುವ ಮುನ್ನ ಕೇಬಲ್ಲಿನ ಲೆಕ್ಕ ಮಾಡುವುದು ಲೇಸು.

ವೋಲ್ಟೇಜ್ ಇಳಿದಾಗ ಬಲ್ಬು ಕಡಿಮೆ ಪ್ರವಾಹ ಎಳೆದರೆ, ಪೂರ್ಣ ಭಾರದಲ್ಲಿರುವ ಮೋಟಾರು ಹೆಚ್ಚು ಎಳೆಯುತ್ತದೆ. 9 ಆಂಪಿಯರ್ 10.8ಕ್ಕೆ ಏರಿದರೆ ಪ್ರವಾಹದ ಹೆಚ್ಚಳ ಶೇ. 20, ವೈಂಡಿಂಗ್‌ನ ಶಾಖದ ಹೆಚ್ಚಳ 1.2 × 1.2ರಂತೆ ಶೇ. 44. ಈ ಸಮಯದಲ್ಲಿ ಓವರ್‌ಲೋಡ್ ರಿಲೇ ಪದೇ ಪದೇ ಟ್ರಿಪ್ ಆಗುತ್ತದೆಂದು ಅದರ ಮಟ್ಟವನ್ನು ಏರಿಸುವುದಾಗಲಿ, ಫ್ಯೂಸಿಗೆ ದಪ್ಪ ತಂತಿ ಕಟ್ಟುವುದಾಗಲಿ ಕೂಡದು. ರಿಲೇಯನ್ನು ಮೋಟಾರಿನ ನಾಮಫಲಕದಲ್ಲಿರುವ ಆಂಪಿಯರ್‌ಗೆ ತಕ್ಕಂತೆ ಇಡಬೇಕು.

ಅರ್ಥಿಂಗ್

ಅರ್ಥಿಂಗ್ ಗುಂಡಿಯ ರೋಧ 20 ಓಮ್ ಇದ್ದು, ಸ್ಟಾರ್ಟರ್ ಪೆಟ್ಟಿಗೆಗೆ ಒಂದು ಫೇಸ್ ತಗುಲಿದರೆ ಹರಿಯುವ ಪ್ರವಾಹ ಹೆಚ್ಚೆಂದರೆ 230 ÷ 20 = 11.5 ಆಂಪಿಯರ್. 15 ಆಂಪಿಯರಿನ ಫ್ಯೂಸ್ ಇದಕ್ಕೆ ಹೋಗುವುದಿಲ್ಲ. ಪೆಟ್ಟಿಗೆ ಜೀವಂತವಾಗಿಯೇ ಉಳಿಯುತ್ತದೆ. ಒದ್ದೆ ನೆಲದಲ್ಲಿ ನಿಂತವರ ದೇಹದ ರೋಧ ಸುಮಾರು 1,000 ಓಮ್‌ಗೆ ಇಳಿಯಬಹುದು. ಆಗ 0.23 ಆಂಪಿಯರ್‌ವರೆಗೆ ದೇಹದಲ್ಲಿ ಹರಿಯಬಹುದು. ಪ್ರಾಣ ತೆಗೆಯಲು ಅಷ್ಟು ಸಾಕು. ಬೇಸಿಗೆಯಲ್ಲಿ ಗುಂಡಿಯ ಮಣ್ಣು ಒಣಗಿ ರೋಧ ಏರುವುದರಿಂದ ಆಗಾಗ ನೀರು ಹಾಕಿ ತೇವ ಕಾಯ್ದುಕೊಳ್ಳಬೇಕು. 30 ಮಿಲಿ ಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಸಾಧನವನ್ನು ಪಂಪ್‌ಮನೆಯ ದೀಪ ಹಾಗೂ ಪ್ಲಗ್ ಲೈನಿಗೆ ಪರವಾನಗಿ ಹೊಂದಿದ ಎಲೆಕ್ಟ್ರೀಷಿಯನ್‌ರಿಂದ ಅಳವಡಿಸಿಕೊಳ್ಳಬೇಕು.