ಲಲಿತ ಮಹಲ್‌ನಲ್ಲಿ ಊಟ: ಅರಮನೆಯ ಬಾಲ್‌ರೂಮ್‌ನಲ್ಲಿ ಎಲೆ ಹಾಕಿಸಿಕೊಳ್ಳುವ ಮುಂಚೆ ತಿಳಿದಿರಬೇಕಾದ ಸಂಗತಿಗಳು

ಮೈಸೂರು: ಚಾಮುಂಡಿ ಬೆಟ್ಟದ ಮೇಲಿಂದ ಊರು ನೋಡುವವರ ಕಣ್ಣಿಗೆ ಮೊದಲು ಬೀಳುವ ಬಿಳೀ ಕಟ್ಟಡ ಲಲಿತ ಮಹಲ್. ಆದರೆ ಊರಿನಲ್ಲೇ ಹುಟ್ಟಿ ಬೆಳೆದವರಲ್ಲೂ ಅದರ ಒಳಗೆ ಹೋಗಿ ಊಟ ಮಾಡಿದವರು ಕಮ್ಮಿ. 'ಅದು ನಮ್ಮಂಥವರಿಗಲ್ಲ ಬಿಡಿ, ಫಾರಿನ್ನೋರಿಗೆ' ಅನ್ನೋ ಮಾತು ಈಗಲೂ ಕೇಳಿಬರುತ್ತದೆ. ಆ ಮಾತಿಗೆ ಕಾರಣವೂ ಇದೆ. ಕಟ್ಟಿದ್ದೇ ಫಾರಿನ್ನೋರಿಗಾಗಿ. ಈಗ ಮಾತ್ರ ಅದು ಸರ್ಕಾರದ ಆಸ್ತಿ, ಅಲ್ಲಿನ ಊಟದ ಹಾಲ್ ಸಾರ್ವಜನಿಕ ರೆಸ್ಟೋರೆಂಟ್. ಅಂಬಾ ವಿಲಾಸ ಅರಮನೆಯಲ್ಲಿ ಟಿಕೆಟ್ ತಗೊಂಡು, ಚಪ್ಪಲಿ ಬಿಟ್ಟು, ಕಟಕಟೆಯ ಆಚೆಯಿಂದ ದರ್ಬಾರ್ ಹಾಲ್ ನೋಡಿ ಬರಬೇಕು. ಇಲ್ಲಿ ಹಾಗಲ್ಲ, ಕುರ್ಚಿ ಎಳೆದುಕೊಂಡು ಕೂರಬಹುದು. ರಾಜರ ಕಾಲದ ಹಾಲ್‌ನಲ್ಲಿ ಒಂದು ಊಟದ ಬೆಲೆಗೆ ಹೀಗೆ ಕೂರುವ ಅವಕಾಶ ಇರುವ ಜಾಗ ಊರಲ್ಲಿ ಬೆರಳೆಣಿಕೆಯಷ್ಟು.

ಕಟ್ಟಿದ್ದು ಯಾರಿಗೆ, ಯಾಕೆ?

ಲಲಿತ ಮಹಲ್ ಕಟ್ಟಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರ್. 1921ರ ನವೆಂಬರ್ 18ರಂದು ಅಡಿಗಲ್ಲು ಬಿತ್ತು, 1931ರಲ್ಲಿ ಕೆಲಸ ಮುಗಿಯಿತು. ವಿನ್ಯಾಸ ಮಾಡಿದವರು ಮುಂಬೈನ ಇ.ಡಬ್ಲ್ಯೂ. ಫ್ರಿಚ್ಲಿ. ಕಟ್ಟಿದ ಗುತ್ತಿಗೆದಾರರು ಬಿ. ಮುನಿವೆಂಕಟಪ್ಪ. ನಡುವಿನ ದೊಡ್ಡ ಗುಮ್ಮಟ ಲಂಡನ್‌ನ ಸೇಂಟ್ ಪಾಲ್ಸ್ ಕೆಥೆಡ್ರಲ್ ಹೋಲಿಕೆಯದು. ಮುಂಭಾಗದಲ್ಲಿ ಜೋಡಿ ಜೋಡಿಯಾಗಿ ನಿಂತ ಕಂಬಗಳು, ಒಳಗೆ ಇಟಾಲಿಯನ್ ಮಾರ್ಬಲ್ ಮೆಟ್ಟಿಲು. ಮೈಸೂರಿನ ಅರಮನೆಗಳಲ್ಲಿ ಗಾತ್ರಕ್ಕೆ ಇದು ಎರಡನೆಯದು.

ವೈಸ್‌ರಾಯ್ ಮತ್ತು ಯೂರೋಪಿಯನ್ ಅತಿಥಿಗಳು ಬಂದಾಗ ಇಳಿದುಕೊಳ್ಳಲಿ ಅಂತಲೇ ಊರಾಚೆ ಬೆಟ್ಟದ ಬುಡದಲ್ಲಿ ಇದನ್ನು ಕಟ್ಟಿದ್ದು. ಇದಕ್ಕೆ ಮೈಸೂರಿನಲ್ಲಿ ಹೇಳುತ್ತ ಬಂದಿರುವ ಕಾರಣ ಊಟದ್ದು. ದಸರಾಗೆ ಬರುತ್ತಿದ್ದ ಆಂಗ್ಲ ಅತಿಥಿಗಳಿಗೆ ಮಾಂಸ, ಮದ್ಯ ಬೇಕು. ಆಚಾರ-ಮಡಿ ಪಾಲಿಸುವ ಅರಮನೆಯ ಅಡುಗೆಮನೆಯಲ್ಲಿ ಅದು ಆಗುವ ಮಾತಲ್ಲ. ಹಾಗಾಗಿ ಅವರ ವಸತಿ, ಅಡುಗೆ, ಪಂಕ್ತಿ ಎಲ್ಲವೂ ಬೇರೆ ಕಡೆ ಆಯಿತು ಅನ್ನೋದು ಹಿರಿಯರ ಮಾತು. ಅಂದರೆ ಈ ಹಾಲ್ ಹುಟ್ಟಿದ್ದೇ ಪಂಕ್ತಿಭೇದದಿಂದ. ಊರಿನ ಜನರ ಮಾತು ಹಾಗಿರಲಿ, ಅರಮನೆಯವರ ಊಟವೂ ಅಲ್ಲಿ ಇರಲಿಲ್ಲ. ಇವತ್ತು ಅಲ್ಲೇ ಯಾರು ಬೇಕಾದರೂ ಅನ್ನ ಸಾರು ಕಲಸಿಕೊಂಡು ಉಣ್ಣಬಹುದು ಅನ್ನುವುದು ಸಣ್ಣ ಬದಲಾವಣೆಯಲ್ಲ.

ಅರಮನೆ ಹೋಟೆಲ್ ಆದದ್ದು

1974ರಲ್ಲಿ ಲಲಿತ ಮಹಲ್ ಹೋಟೆಲ್ ಆಯಿತು. ಕೇಂದ್ರ ಸರ್ಕಾರದ ಭಾರತೀಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ, ಅಂದರೆ ಐಟಿಡಿಸಿ, ತನ್ನ ಅಶೋಕ ಹೋಟೆಲ್‌ಗಳ ಸಾಲಿನಲ್ಲಿ ಇದನ್ನು ದಶಕಗಳ ಕಾಲ ನಡೆಸಿತು. ಐಟಿಡಿಸಿ ಹೋಟೆಲ್‌ಗಳನ್ನು ಬಿಟ್ಟುಕೊಡುವ ತೀರ್ಮಾನ ಆದ ಮೇಲೆ 2018ರಲ್ಲಿ ಲಲಿತ ಮಹಲ್ ರಾಜ್ಯ ಸರ್ಕಾರಕ್ಕೆ ಬಂತು. ನಡೆಸುವ ಹೊಣೆ ರಾಜ್ಯದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಗೆ ಬಿತ್ತು. ಕಾಡಿನಲ್ಲಿ ರೆಸಾರ್ಟ್ ನಡೆಸಿ ಪಳಗಿದ ಸಂಸ್ಥೆಗೆ ಅರಮನೆ ಹೊಸದು. ಖಾಸಗಿಯವರಿಗೆ ಗುತ್ತಿಗೆ ಕೊಡಬೇಕು, ಕೊಡಬಾರದು ಅನ್ನೋ ಚರ್ಚೆ ಆಗಿಂದ ಹಲವು ಸಲ ಎದ್ದು ಕೂತಿದೆ.

ಊಟದ ಹಾಲ್‌ನಲ್ಲಿ ಏನು ನೋಡಬೇಕು?

ಈಗಿನ ಡೈನಿಂಗ್ ಹಾಲ್ ಮೂಲದಲ್ಲಿ ಬಾಲ್‌ರೂಮ್, ಅಂದರೆ ಅತಿಥಿಗಳ ನೃತ್ಯದ ಹಾಲ್. ಹಾಗಾಗಿ ನಡುವೆ ಅಡ್ಡ ಕಂಬ ಇಲ್ಲದ ವಿಶಾಲ ಜಾಗ, ಎರಡಂತಸ್ತಿನಷ್ಟು ಎತ್ತರದ ಛಾವಣಿ. ಒಳಗೆ ಕಾಲಿಟ್ಟವರು ಮೊದಲು ಮಾಡುವ ಕೆಲಸ ತಲೆ ಎತ್ತಿ ನೋಡುವುದು. ಛಾವಣಿಯಲ್ಲಿ ಬಣ್ಣದ ಗಾಜಿನ ಮೂರು ಗುಮ್ಮಟಗಳಿವೆ. ಸುತ್ತ ಗಾರೆಯಲ್ಲಿ ಮೂಡಿಸಿದ ಬಳ್ಳಿ, ಹೂವು, ಚೌಕಟ್ಟುಗಳ ಕೆಲಸ.

ಇಲ್ಲಿ ಗೊತ್ತಿರಬೇಕಾದ ವಿಷಯ ಒಂದಿದೆ. ಬಣ್ಣದ ಗಾಜು ಕಾಣುವುದು ಅದರ ಹಿಂದಿನಿಂದ ಬೆಳಕು ಬಿದ್ದಾಗ. ಆದ್ದರಿಂದ ಹಾಲ್ ನೋಡಲೆಂದೇ ಹೋಗುವವರಿಗೆ ರಾತ್ರಿ ಊಟಕ್ಕಿಂತ ಮಧ್ಯಾಹ್ನದ ಊಟವೇ ಸರಿ. ಬಿಸಿಲಿರುವ ದಿನ ಹನ್ನೆರಡೂವರೆಯಿಂದ ಎರಡರವರೆಗೆ ಮೇಲಿನ ಗಾಜು ಚೆನ್ನಾಗಿ ತೆರೆದುಕೊಳ್ಳುತ್ತದೆ. ಮಳೆಗಾಲದ ಮೋಡದ ದಿನ ಅದೇ ಗಾಜು ಮಂಕಾಗಿರುತ್ತದೆ. ರಾತ್ರಿ ಹೋದರೆ ಒಳಗಿನ ದೀಪ, ಹೊರಗಿನ ಬೆಳಕಿನಲ್ಲಿ ಕಟ್ಟಡದ ಬಿಳುಪು ಚೆಂದ. ಊಟದ ಹೊತ್ತಿಗೆ ವಾದ್ಯ ಸಂಗೀತ ಇಡುವ ರೂಢಿಯೂ ಇಲ್ಲಿ ಬಹುಕಾಲದಿಂದ ಬಂದದ್ದು. ಆದರೆ ಗಾಜು ನೋಡಲು ಸಿಗುವುದಿಲ್ಲ.

ಎತ್ತರದ ಹಾಲ್ ಆದ್ದರಿಂದ ಸದ್ದು ಗುಂಯ್ ಅನ್ನುತ್ತದೆ. ದೊಡ್ಡ ಗುಂಪು ಪಕ್ಕದಲ್ಲಿದ್ದರೆ ಎದುರಿನವರ ಮಾತು ಕೇಳಿಸೋದು ಕಷ್ಟ. ವಯಸ್ಸಾದವರು ಜೊತೆಗಿದ್ದರೆ ಗೋಡೆಯ ಪಕ್ಕದ ಟೇಬಲ್ ಕೇಳಿ ಪಡೆಯೋದು ಒಳ್ಳೇದು. ಊಟ ಮುಗಿದ ಮೇಲೆ ಮಾರ್ಬಲ್ ಮೆಟ್ಟಿಲು, ಒಡೆಯರ್ ಅರಸರ ಆಳೆತ್ತರದ ಚಿತ್ರಗಳು, ಹಳೇ ಕಾಲದ ಲಿಫ್ಟ್ ನೋಡದೆ ಬರಬೇಡಿ. ಅತಿಥಿಗಳ ಕೋಣೆಗಳ ಕಡೆ ಮಾತ್ರ ಸಿಬ್ಬಂದಿಯನ್ನು ಕೇಳದೆ ಹೋಗೋ ಹಾಗಿಲ್ಲ.

ಏನು ತಿನ್ನೋದು?

ಮೊದಲೇ ಒಂದು ಮಾತು. ಬರೀ ರುಚಿಗೆ ಹುಡುಕುವವರಿಗೆ ಮೈಸೂರಿನಲ್ಲಿ ಬೇರೆ ದಾರಿಗಳಿವೆ. ನಜರ್‌ಬಾದ್‌ನ ಮೈಲಾರಿ ದೋಸೆ, ಹನುಮಂತು ಪಲಾವ್, ಅಗ್ರಹಾರದ ಕಡೆಯ ಮೆಸ್ ಊಟ, ಇವಕ್ಕೆ ಕೊಡುವ ದುಡ್ಡು ಪೂರ್ತಿ ತಟ್ಟೆಗೆ ಬರುತ್ತದೆ. ಅರಮನೆ ಹೋಟೆಲ್‌ನಲ್ಲಿ ಕೊಡುವ ದುಡ್ಡಿನಲ್ಲಿ ಒಂದು ಪಾಲು ತಟ್ಟೆಗೆ, ಉಳಿದದ್ದು ಛಾವಣಿಗೆ. ಅದು ಗೊತ್ತಿದ್ದು ಹೋದರೆ ಬಿಲ್ ನೋಡಿ ಬೇಜಾರಾಗಲ್ಲ.

ಮೆನು ಕಾಲಕಾಲಕ್ಕೆ ಬದಲಾಗುತ್ತದೆ. ಎಲ್ಲ ದೊಡ್ಡ ಹೋಟೆಲ್‌ಗಳ ಹಾಗೆ ಉತ್ತರ ಭಾರತದ ಗ್ರೇವಿ, ಚೈನೀಸ್, ಕಾಂಟಿನೆಂಟಲ್ ಪಟ್ಟಿ ಇದ್ದೇ ಇರುತ್ತದೆ. ಅವನ್ನು ಎಲ್ಲಿ ಬೇಕಾದರೂ ತಿನ್ನಬಹುದು. ಇಲ್ಲಿಗೆ ಬಂದಾಗ ಕೇಳಬೇಕಾದದ್ದು ದಕ್ಷಿಣದ ಅಥವಾ ಮೈಸೂರು ಥಾಲಿ ಇದೆಯೇ ಅಂತ. ಥಾಲಿ ಒಬ್ಬರಿಗೊಂದು ಅಂತ ಲೆಕ್ಕ ಸಿಗುತ್ತದೆ, ಹತ್ತು ತರಹ ರುಚಿ ನೋಡಿದ ಹಾಗೂ ಆಗುತ್ತದೆ, ಬಿಲ್ ಎಷ್ಟಾಗತ್ತೆ ಅನ್ನೋದು ಕೂರುವಾಗಲೇ ಗೊತ್ತಿರುತ್ತದೆ. ಪೂರ್ತಿ ಊಟದ ಖರ್ಚು ಬೇಡ ಅನ್ನೋರು ಸಂಜೆ ಕಾಫಿ ತಿಂಡಿ ಎಲ್ಲಿ, ಎಷ್ಟು ಹೊತ್ತಿಗೆ ಕೊಡ್ತಾರೆ ಅಂತ ವಿಚಾರಿಸಬಹುದು.

ಸಿಹಿಗೆ ಮೈಸೂರು ಪಾಕ್ ಇದ್ದರೆ ಅದಕ್ಕೊಂದು ಅರಮನೆಯ ನಂಟಿದೆ. ನಾಲ್ವಡಿಯವರ ಕಾಲದ ಅರಮನೆ ಬಾಣಸಿಗ ಕಾಕಾಸುರ ಮಾದಪ್ಪ ಅದನ್ನು ಮೊದಲು ಮಾಡಿದರು ಅನ್ನುವುದು ಊರೆಲ್ಲ ನಂಬಿರುವ ಕಥೆ. ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್ ಅವರ ವಂಶದವರದ್ದು.

ಹೋಗುವ ಮುಂಚೆ

ಅರಮನೆ ಕಡೆಯಿಂದ ಲಲಿತ ಮಹಲ್ ಸುಮಾರು 4-5 ಕಿ.ಮೀ. ಆಟೋದಲ್ಲಿ ಹೋಗುವವರು ವಾಪಸ್ ಬರುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ಊರಾಚೆ ಆದ್ದರಿಂದ ರಾತ್ರಿ ಹೊತ್ತು ಗೇಟಿನ ಹೊರಗೆ ಆಟೋ ಸಿಗೋದು ಖಾತ್ರಿ ಇಲ್ಲ. ಮೃಗಾಲಯ, ಕಾರಂಜಿ ಕೆರೆ ಎರಡೂ ಅದೇ ದಿಕ್ಕಿನಲ್ಲಿವೆ. ಬೆಳಗ್ಗೆ ಅವನ್ನು ಮುಗಿಸಿ ಮಧ್ಯಾಹ್ನದ ಊಟಕ್ಕೆ ಇಲ್ಲಿಗೆ ಬರುವ ಹಾಗೆ ಪ್ಲಾನ್ ಮಾಡಿದರೆ ಒಂದು ದಿನ ಸಲೀಸಾಗಿ ಕಳೆಯುತ್ತದೆ.

ಫೋನ್ ಮಾಡದೆ ಹೋಗಬೇಡಿ. ಮದುವೆ, ಸಿನಿಮಾ ಶೂಟಿಂಗ್, ವಿಐಪಿ ವಾಸ್ತವ್ಯ, ದುರಸ್ತಿ, ಇವುಗಳಲ್ಲಿ ಒಂದಿದ್ದರೂ ಹೊರಗಿನವರಿಗೆ ಹಾಲ್ ಸಿಗದೆ ಇರಬಹುದು. ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಇವತ್ತು ಹೊರಗಿನವರಿಗೆ ಊಟ ಇದೆಯಾ? ದೊಡ್ಡ ಡೈನಿಂಗ್ ಹಾಲ್‌ನಲ್ಲೇ ಕೂರಿಸ್ತೀರಾ, ಬೇರೆ ಕಡೆಯಾ? ಬಫೆಯಾ, ಥಾಲಿಯಾ, ಆರ್ಡರ್ ಮಾಡೋದಾ? ಗೇಟಿನಲ್ಲಿ ಪ್ರವೇಶ ಶುಲ್ಕ ಇದ್ದರೆ ಬಿಲ್‌ನಲ್ಲಿ ಕಳೀತೀರಾ? ಎರಡನೇ ಪ್ರಶ್ನೆ ಮರೆಯಬೇಡಿ. ಬಣ್ಣದ ಗಾಜು ನೋಡಲು ಹೋಗಿ ಪಕ್ಕದ ಸಾಮಾನ್ಯ ಕೋಣೆಯಲ್ಲಿ ಕೂತು ಬಂದರೆ ಪ್ರಯೋಜನವಿಲ್ಲ. ದಸರಾ ಹತ್ತು ದಿನ ಮತ್ತು ವರ್ಷಾಂತ್ಯದ ರಜೆಯಲ್ಲಂತೂ ಮುಂಗಡ ಬುಕ್ಕಿಂಗ್ ಇಲ್ಲದೆ ಟೇಬಲ್ ನಿರೀಕ್ಷಿಸೋದು ಕಷ್ಟ.

ಬಿಲ್ ವಿಷಯ. ಹೋಟೆಲ್ ರೆಸ್ಟೋರೆಂಟ್‌ಗಳಲ್ಲಿ ಜಿಎಸ್‌ಟಿ ಎರಡು ದರದಲ್ಲಿದೆ. ಸಾಮಾನ್ಯವಾಗಿ ಶೇ 5. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರುವ ಹೋಟೆಲ್‌ಗಳ ರೆಸ್ಟೋರೆಂಟ್‌ನಲ್ಲಿ ಶೇ 18. ನಾಲ್ಕು ಜನದ ಊಟದಲ್ಲಿ ಈ ವ್ಯತ್ಯಾಸವೇ ನೂರಾರು ರೂಪಾಯಿ ಆಗುತ್ತದೆ, ಹಾಗಾಗಿ ಮೆನುವಿನ ಬೆಲೆ ತೆರಿಗೆ ಸೇರಿಸಿಯೋ ಬಿಟ್ಟೋ ಅಂತ ಕೇಳಿಕೊಳ್ಳಿ. ಇನ್ನು ಸರ್ವಿಸ್ ಚಾರ್ಜ್. ಅದನ್ನು ಬಿಲ್‌ಗೆ ತಾನಾಗಿ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ಯಾವ ಹೋಟೆಲ್‌ನಲ್ಲಾದರೂ ಸೇರಿಸಿದ್ದರೆ ತೆಗೆಸಬಹುದು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಇದೇ ತರಹದ ಇನ್ನೆರಡು ಜಾಗ

ಲಲಿತ ಮಹಲ್‌ನಲ್ಲಿ ಜಾಗ ಸಿಗದಿದ್ದರೆ ಊರಿನಲ್ಲೇ ಇನ್ನೆರಡು ಕಡೆ ರಾಜರ ಕಾಲದ ಕಟ್ಟಡದಲ್ಲಿ ಊಟ ಮಾಡಬಹುದು. ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯ ಮೆಟ್ರೊಪೋಲ್ 1920ರಲ್ಲಿ ನಾಲ್ವಡಿಯವರೇ ಬ್ರಿಟಿಷ್ ಅತಿಥಿಗಳಿಗೆಂದು ಕಟ್ಟಿಸಿದ್ದು. ಅಲ್ಲಿ ಅಂಗಳದಲ್ಲಿ ಕೂತು ಉಣ್ಣುವುದು ವಿಶೇಷ. ಜಯಲಕ್ಷ್ಮೀಪುರಂ ಕಡೆಯ ಗ್ರೀನ್ ಹೋಟೆಲ್ ಹಿಂದೆ ರಾಜಕುಮಾರಿಯರಿಗಾಗಿ ಕಟ್ಟಿದ ಚಿತ್ತರಂಜನ ಅರಮನೆ. ನಡುವೆ ಪ್ರೀಮಿಯರ್ ಸ್ಟುಡಿಯೋದವರ ಕೈಲಿತ್ತು. ಬ್ರಿಟನ್‌ನ ಒಂದು ಸೇವಾ ಟ್ರಸ್ಟ್ ಅದನ್ನು ದುರಸ್ತಿ ಮಾಡಿಸಿ, ಲಾಭ ಸೇವಾ ಕೆಲಸಕ್ಕೆ ಹೋಗುವ ಹೋಟೆಲ್ ಮಾಡಿತು. ತೋಟದಲ್ಲಿ ಕೂತು ತಿನ್ನಬಹುದು, ಆಡಂಬರ ಕಮ್ಮಿ.

ಊಟ ಇಲ್ಲದಿದ್ದರೂ ಊಟದ ನಂಟಿರುವ ಇನ್ನೊಂದು ಅರಮನೆ ಚೆಲುವಾಂಬ ಮ್ಯಾನ್ಷನ್. 1950ರ ಅಕ್ಟೋಬರ್‌ನಿಂದ ಅಲ್ಲಿರುವುದು ದೇಶದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ.

ಬಳಕೆಯಲ್ಲಿದ್ದರೆ ಉಳಿಯುತ್ತಾ?

ಅರಮನೆಯಲ್ಲಿ ಹೋಟೆಲ್ ನಡೆಸೋದು ತಪ್ಪು ಅನ್ನೋರೂ ಊರಲ್ಲಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಅಡುಗೆಮನೆ ಅಂದರೆ ಹೊಗೆ, ಜಿಡ್ಡು, ತೇವ, ಗ್ಯಾಸ್, ಹೆಚ್ಚುವರಿ ವೈರಿಂಗ್. ಗಾರೆ ಕೆಲಸಕ್ಕೂ ಹಳೇ ಮರಕ್ಕೂ ಇವೆಲ್ಲ ಶತ್ರುಗಳೇ. ಬೆಂಕಿ ಏನು ಮಾಡುತ್ತದೆ ಅನ್ನೋದು ಮೈಸೂರಿಗೆ ಗೊತ್ತಿಲ್ಲದ್ದಲ್ಲ. ಕೋಟೆಯೊಳಗಿನ ಹಳೇ ಮರದ ಅರಮನೆ ಸುಟ್ಟು ಹೋದದ್ದು 1897ರ ಮದುವೆ ಸಂಭ್ರಮದ ನಡುವೆ.

ಆದರೆ ಬೀಗ ಹಾಕಿಟ್ಟರೆ ಕಟ್ಟಡ ಉಳಿಯುತ್ತದೆ ಅನ್ನೋದೂ ಭ್ರಮೆ. ಛಾವಣಿಯ ಒಂದು ಗಾಜು ಸಡಿಲವಾಗಿ ನೀರು ಸೋರಿದರೆ, ಕೆಳಗೆ ದಿನಾ ಊಟ ಬಡಿಸುವವರು ಅದನ್ನು ಮಾರನೇ ದಿನವೇ ನೋಡುತ್ತಾರೆ. ಮುಚ್ಚಿದ ಹಾಲ್‌ನಲ್ಲಿ ಅದು ಗಾರೆ ಉದುರಿದ ಮೇಲಷ್ಟೇ ಗೊತ್ತಾಗುತ್ತದೆ. ಹಾಗೆಂದು ಬಳಕೆಯೊಂದೇ ಸಾಲದು, ಜೊತೆಗೆ ದುರಸ್ತಿಯೂ ಬೇಕು. ಅಂಗಡಿಗಳು ನಡೆಯುತ್ತಿದ್ದಾಗಲೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕೋ ಉಳಿಸಬೇಕೋ ಅನ್ನೋ ವಾದ ಆಮೇಲೆ ವರ್ಷಗಟ್ಟಲೆ ಕೋರ್ಟು ಸುತ್ತಿತು. ಎರಡೂ ಕಡೆ ಬಾಡಿಗೆ ಬರುತ್ತಿತ್ತು, ಗಿಜಿಗುಡುವ ಜನ ಇದ್ದರು. ಇಲ್ಲದ್ದು ಕಾಲಕ್ಕೆ ಸರಿಯಾದ ದುರಸ್ತಿ.

ಲಲಿತ ಮಹಲ್ ಸರ್ಕಾರದ ಕೈಲಿರಲಿ, ಗುತ್ತಿಗೆಗೆ ಹೋಗಲಿ, ಊರಿನವರು ಕೇಳಬೇಕಾದ ಪ್ರಶ್ನೆ ಎರಡೇ. ಊಟದ ಹಾಲ್ ಹೊರಗಿನವರಿಗೂ ತೆರೆದಿರುತ್ತದೆಯೇ? ಬರುವ ದುಡ್ಡಿನಲ್ಲಿ ಛಾವಣಿ, ಗಾಜು, ಗಾರೆಗೆ ಎಷ್ಟು ಹೋಗುತ್ತದೆ? ಗುತ್ತಿಗೆ ಪತ್ರವಾಗಲಿ, ನಿಗಮದ ಲೆಕ್ಕವಾಗಲಿ ಸರ್ಕಾರಿ ದಾಖಲೆ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಅದನ್ನು ಕೇಳಬಹುದು. ಒಮ್ಮೆಯಾದರೂ ಒಳಗೆ ಕೂತು ಉಂಡು ಬಂದವರಿಗೆ ಆ ಅರ್ಜಿ ಬರೆಯುವುದು ಸುಲಭ, ಏನು ಉಳಿಯಬೇಕು ಅನ್ನೋದನ್ನು ಅವರು ಕಣ್ಣಾರೆ ಕಂಡಿರುತ್ತಾರೆ.