ಮೀಟಿಂಗ್ ರೂಮಿಗೆ ಕಂಪ್ಯೂಟರ್ ಬಂದ ಕಥೆ

ಇವತ್ತು ಒಂದು ಲೆಕ್ಕದಿಂದ ಶುರು ಮಾಡ್ತೀನಿ. ಬಿ.ಕಾಂ. ಓದಿದವನಿಗೆ ಇನ್ನೇನು ಬರುತ್ತೆ ಹೇಳಿ! ಒಂದು ಗಂಟೆಯ ಮೀಟಿಂಗ್, 12 ಜನ. ಸಮವಾಗಿ ಹಂಚಿದರೆ ತಲಾ 5 ನಿಮಿಷ. ಬಾಸ್ ಒಬ್ಬರೇ 40 ನಿಮಿಷ ಮಾತಾಡಿದ್ರೆ ಉಳಿದವರಿಗೆ ತಲಾ ಎರಡು ನಿಮಿಷವೂ ಸಿಗಲ್ಲ. ಕಂಪ್ಯೂಟರ್ ಈ ಲೆಕ್ಕವನ್ನು ಬದಲಿಸಬಹುದಾ ಅಂತ ಅಮೆರಿಕದ ಸಂಶೋಧಕರು ದಶಕಗಟ್ಟಲೆ ಹುಡುಕಿದ್ದಾರೆ.

ಇದರ ಬೇರು ಕಂಪ್ಯೂಟರಿನಲ್ಲಿಲ್ಲ, ಕಾಗದದಲ್ಲಿದೆ. 1950ರ ದಶಕದಲ್ಲಿ ರ್‍ಯಾಂಡ್ ಸಂಸ್ಥೆಯ ಡಾಲ್ಕಿ ಮತ್ತು ಹೆಲ್ಮರ್ ತಜ್ಞರನ್ನು ಒಂದೆಡೆ ಕೂರಿಸದೆ ಪ್ರಶ್ನಾವಳಿ ಕಳಿಸಿ, ಬಂದ ಉತ್ತರಗಳನ್ನು ಹೆಸರಿಲ್ಲದೆ ಎಲ್ಲರಿಗೂ ತೋರಿಸಿ, ಮತ್ತೆ ಕೇಳುತ್ತಿದ್ದರು. ಇದೇ ಡೆಲ್ಫಿ ವಿಧಾನ. 1971ರಲ್ಲಿ ನಿಕ್ಸನ್ ಬೆಲೆ ಮತ್ತು ಸಂಬಳಗಳನ್ನು 90 ದಿನ ಸ್ತಂಭನಗೊಳಿಸಿದಾಗ, ದೂರದೂರದ ಸರ್ಕಾರಿ ಕಚೇರಿಗಳ ಅಧಿಕಾರಿಗಳು ಸಮಾಲೋಚಿಸಲು ಮರ್ರೆ ಟುರೋಫ್ ಎಮಿಸಾರಿ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಕಟ್ಟಿದರು.

ನನಗೆ ತುಂಬಾ ಇಷ್ಟವಾದ ಅಧ್ಯಾಯ 1980ರ ದಶಕದ ಅರಿಜೋನಾ ವಿಶ್ವವಿದ್ಯಾಲಯದ್ದು. ಜೇ ನುನಮೇಕರ್ ಮತ್ತು ತಂಡ ಅಲ್ಲಿ ಒಂದು ಕೋಣೆ ಕಟ್ಟಿತು: ಪ್ರತಿಯೊಬ್ಬರ ಮುಂದೂ ಕಂಪ್ಯೂಟರ್, ಎದುರಿಗೆ ದೊಡ್ಡ ಪರದೆ. ಎಲ್ಲರೂ ಒಟ್ಟಿಗೇ ಟೈಪ್ ಮಾಡ್ತಾರೆ. ಬರೆದದ್ದು ಹೆಸರಿಲ್ಲದೆ ಎಲ್ಲರಿಗೂ ಕಾಣುತ್ತೆ. ಆಮೇಲೆ ವಿಂಗಡಣೆ, ಮತದಾನ. ಸರದಿಗಾಗಿ ಕಾಯೋದೇ ಇಲ್ಲ, ಅಂದ್ರೆ ಅಷ್ಟರಲ್ಲಿ ಹೇಳಬೇಕಾದದ್ದು ಮರೆತುಹೋಗೋದೂ ಇಲ್ಲ. ಐಬಿಎಂ ಕೂಡ ತನ್ನ ಹಲವು ಕಚೇರಿಗಳಲ್ಲಿ ಇಂಥ ಕೋಣೆ ಮಾಡಿಸಿತು.

ಆದರೆ ಪ್ರಯೋಗಗಳ ಫಲ? 1990ರ ದಶಕದ ಕೊನೆಗೆ ಫರ್ಮೆಸ್ಟಾಡ್ ಮತ್ತು ಹಿಲ್ಟ್ಸ್ ಸುಮಾರು 200 ಪ್ರಯೋಗಗಳನ್ನು ಒಟ್ಟಿಗೆ ನೋಡಿದರು. ಮುಖಾಮುಖಿ ಸಭೆಗೆ ಹೋಲಿಸಿದಾಗ ಹೆಚ್ಚಾಗಿ ಸಿಕ್ಕ ಉತ್ತರ: ವ್ಯತ್ಯಾಸವಿಲ್ಲ! ನನ್ನ ಪ್ರಕಾರ ಇದರಲ್ಲಿ ಆಶ್ಚರ್ಯವೇನಿಲ್ಲ. ಪ್ರಯೋಗಕ್ಕೆ ಕೂತವರಲ್ಲಿ ಹೆಚ್ಚಿನವರು ಅವತ್ತಷ್ಟೇ ಗುಂಪಾದ ವಿದ್ಯಾರ್ಥಿಗಳು. ಅಲ್ಲಿ ಪ್ರಮೋಷನ್ ಕೊಡುವ ಬಾಸೇ ಇಲ್ಲ ಅಂದಮೇಲೆ, ಹೆಸರು ಮುಚ್ಚಿಟ್ಟು ಏನು ಲಾಭ?

ಅಷ್ಟರಲ್ಲೇ ಕೆಲವರು ಪ್ರಶ್ನೆಯನ್ನೇ ತಿರುಗಿಸಿದ್ದರು. ಜೆರಾರ್ಡಿನ್ ಡಿಸಾಂಕ್ಟಿಸ್ ಮತ್ತು ಮಾರ್ಷಲ್ ಸ್ಕಾಟ್ ಪೂಲ್ 1994ರಲ್ಲಿ ಹೇಳಿದ್ದು ಇಷ್ಟು: ಒಂದೇ ಸಾಫ್ಟ್‌ವೇರನ್ನು ಎರಡು ಗುಂಪುಗಳು ಎರಡು ಥರ ಬಳಸುತ್ತವೆ, ಹಾಗಾಗಿ ಯಂತ್ರವನ್ನಷ್ಟೇ ಅಳೆದರೆ ಸಾಲದು. 2000ದ ನಂತರ ಸಂಶೋಧನೆ ಇನ್ನಷ್ಟು ಕೆಳಗಿಳಿಯಿತು: ಸಭೆ ನಡೆಸಿಕೊಡುವ ನುರಿತವರು ಇಲ್ಲದೆಯೂ ಸಾಮಾನ್ಯ ಸಿಬ್ಬಂದಿ ಇದನ್ನು ಬಳಸುವಂತೆ ಮಾಡೋದು ಹೇಗೆ?

ಈಗ ಸ್ಲೈಡೋದಂಥ ಆ್ಯಪ್‌ಗಳಲ್ಲಿ ಹೆಸರಿಲ್ಲದೆ ಪ್ರಶ್ನೆ ಕೇಳಬಹುದು. ಆ ಸೌಲಭ್ಯ ಆನ್ ಇರಬೇಕೋ ಬೇಡವೋ ಅಂತ ತೀರ್ಮಾನಿಸೋದು ಮಾತ್ರ ಸಭೆ ಕರೆದವರೇ.

ಮುಂದಿನ ಸಂಚಿಕೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅವರ 1968ರ ಡೆಮೊ ಬಗ್ಗೆ ಮಾತಾಡೋಣ.