ಜಾಹೀರಾತಿಲ್ಲದ ಪೇಪರು, ಆಂಟೆನಾ ಇಲ್ಲದ ರೇಡಿಯೋ

1997ರ ಆಗಸ್ಟ್ ತನಕ ನಮ್ಮ ಹೊನ್ನಾಳಿ, ಪಕ್ಕದ ಚನ್ನಗಿರಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದವು. ಹಾಗಾಗಿ ಕೊನಗವಳ್ಳಿಯ ಪಿ. ಲಂಕೇಶ್ ನಮ್ಮ ಹಳೇ ಜಿಲ್ಲೆಯವರು ಅಂತ ಹೇಳಿಕೊಳ್ಳುವ ಹಕ್ಕು ನಮಗೂ ಇದೆ. ಹಳ್ಳಿಯಿಂದ ಹೋಗಿ ಬೆಂಗಳೂರಿನಲ್ಲಿ ಇಂಗ್ಲಿಷ್ ಮೇಷ್ಟ್ರಾದವರು, ಕತೆ ನಾಟಕ ಬರೆದವರು, ಸಿನಿಮಾ ಮಾಡಿದವರು. 1980ರ ಜುಲೈನಲ್ಲಿ ಅವರು ಒಂದು ವಾರಪತ್ರಿಕೆ ಶುರು ಮಾಡಿದರು. ಕಪ್ಪು ಬಿಳುಪಿನ ಸಾದಾ ಟ್ಯಾಬ್ಲಾಯ್ಡ್, ಹೆಸರು ‘ಲಂಕೇಶ್ ಪತ್ರಿಕೆ’. ಅದರಲ್ಲಿ ಜಾಹೀರಾತು ಇರಲಿಲ್ಲ. ಸಿಗಲಿಲ್ಲ ಅಂತಲ್ಲ, ಬೇಡ ಅಂತ.

ಇದೇನು ದೊಡ್ಡ ವಿಷಯ ಅನ್ನಿಸಬಹುದು. ಆದರೆ ಲೆಕ್ಕ ಹಾಕಿ ನೋಡಿ. ದಿನಪತ್ರಿಕೆಗೆ ನಾವು ಕೊಡುವ ದುಡ್ಡಿನಲ್ಲಿ ಕಾಗದ, ಮುದ್ರಣ, ಸಾಗಣೆ, ಏಜೆಂಟರ ಕಮಿಷನ್ ಎಲ್ಲ ಹುಟ್ಟುವುದಿಲ್ಲ. ಉಳಿದದ್ದನ್ನು ತುಂಬಿಸೋದು ಜಾಹೀರಾತು. ಸರ್ಕಾರಿ ಪ್ರಕಟಣೆ, ಗೊಬ್ಬರದ ಕಂಪನಿ, ಶಾಸಕರ ಹುಟ್ಟುಹಬ್ಬದ ಶುಭಾಶಯ. ಹುಟ್ಟುಹಬ್ಬದ ಪುಟ ಕೊಟ್ಟವರ ವಿರುದ್ಧ ಮಾರನೇ ದಿನ ಸುದ್ದಿ ಬರೆಯೋದು ಎಷ್ಟು ಕಷ್ಟ ಅಂತ ತಾಲ್ಲೂಕು ವರದಿಗಾರರನ್ನು ಕೇಳಿದರೆ ಗೊತ್ತಾಗುತ್ತದೆ. ಲಂಕೇಶ್ ಈ ಗಂಟನ್ನೇ ಕತ್ತರಿಸಿಬಿಟ್ಟರು. ಪುಟ ಕಡಿಮೆ, ಬಣ್ಣ ಇಲ್ಲ, ಖರ್ಚು ಕಡಿಮೆ. ಓದುಗರು ಕೊಟ್ಟ ದುಡ್ಡಿನಲ್ಲೇ ಪತ್ರಿಕೆ ನಡೆಯಬೇಕು. ಓದುಗರಿಗೆ ಬೇಡವಾದರೆ ಮುಚ್ಚಬೇಕು.

ಆಗ ಮುಖ್ಯಮಂತ್ರಿ ಆಗಿದ್ದವರು ಆರ್. ಗುಂಡೂರಾವ್. ಪತ್ರಿಕೆ ಅವರ ಸರ್ಕಾರವನ್ನು ವಾರವಾರವೂ ಬಿಡದೆ ತರಾಟೆಗೆ ತೆಗೆದುಕೊಂಡಿತು. 1983ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಮೊದಲ ಸಲ ಅಧಿಕಾರ ಕಳೆದುಕೊಂಡಿತು. ಅದಕ್ಕೆ ಪತ್ರಿಕೆಯೊಂದೇ ಕಾರಣ ಅಂದರೆ ಅತಿಯಾಯಿತು, ರೈತ ಚಳವಳಿ, ಗೋಕಾಕ್ ಚಳವಳಿ ಎಲ್ಲವೂ ಆಗಲೇ ಬೀದಿಗೆ ಬಂದಿದ್ದವು. ಆದರೆ ಆ ಸಿಟ್ಟಿಗೆಲ್ಲ ಒಂದು ಮಾತು ಕೊಟ್ಟದ್ದರಲ್ಲಿ ಈ ಪತ್ರಿಕೆಯ ಪಾಲು ದೊಡ್ಡದು.

ಇದಕ್ಕೆ ನಾಲ್ಕು ವರ್ಷ ಮೊದಲು, 1976ರ ಜುಲೈನಲ್ಲಿ, ಲಂಡನ್ನಿನಲ್ಲಿ ಇನ್ನೊಂದು ಪತ್ರಿಕೆ ಹುಟ್ಟಿತ್ತು. ಪಂಕ್ ಅನ್ನುವ ಒರಟು ಸಂಗೀತ ಆಗಷ್ಟೇ ಶುರುವಾಗಿತ್ತು. ಕೆಲಸವಿಲ್ಲದ, ದುಡ್ಡಿಲ್ಲದ ಹುಡುಗರ ಸಂಗೀತ ಅದು. ದೊಡ್ಡ ಪತ್ರಿಕೆಗಳು ಅದರ ಬಗ್ಗೆ ಸರಿಯಾಗಿ ಬರೆಯಲ್ಲ ಅಂತ ಮಾರ್ಕ್ ಪೆರಿ ಎಂಬ ಬ್ಯಾಂಕ್ ಗುಮಾಸ್ತ ಮನೆಯಲ್ಲೇ ಟೈಪ್ ಮಾಡಿ, ತಲೆಬರಹಗಳನ್ನು ಕೈಯಲ್ಲೇ ಗೀಚಿ, ಜೆರಾಕ್ಸ್ ಮಾಡಿಸಿ ‘ಸ್ನಿಫಿನ್ ಗ್ಲೂ’ ಅಂತ ಹೊರತಂದ. ಮೊದಲ ಸಂಚಿಕೆ ಸುಮಾರು 50 ಪ್ರತಿ. ಮುಂದೆ ಸಾವಿರಾರು ಪ್ರತಿ ಖರ್ಚಾದವು. ನನ್ನ ಪತ್ರಿಕೆ ಓದಿ ಸುಮ್ಮನಾಗಬೇಡಿ, ನಿಮ್ಮದೇ ಒಂದು ಶುರು ಮಾಡಿ ಅನ್ನೋದು ಅವನ ಮಾತಿನ ಧಾಟಿ. ಮಾರನೇ ವರ್ಷ ಪತ್ರಿಕೆ ನಿಲ್ಲಿಸಿಯೂ ಬಿಟ್ಟ. ಅಷ್ಟರಲ್ಲಿ ಇಂಗ್ಲೆಂಡಿನ ಊರೂರಲ್ಲಿ ಇಂಥವೇ ಪತ್ರಿಕೆಗಳು ಹುಟ್ಟಿಕೊಂಡಿದ್ದವು.

ಲಂಕೇಶರಿಗೂ ಆ ಹುಡುಗರಿಗೂ ಸಂಬಂಧ ಕಟ್ಟಲು ನಾವು ಹೋಗುವುದಿಲ್ಲ. ಒಂದು ಗುಣ ಮಾತ್ರ ಎರಡು ಕಡೆಯೂ ಕಾಣುತ್ತದೆ: ಓದುವವರೇ ಬರೆಯುವವರಾದರು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಧಾರಾವಾಹಿಯಾಗಿ ಬಂದದ್ದು ಲಂಕೇಶ್ ಪತ್ರಿಕೆಯಲ್ಲಿ. ಹಾಸನದ ಬಾನು ಮುಷ್ತಾಕ್ 80ರ ದಶಕದಲ್ಲಿ ಅದೇ ಪತ್ರಿಕೆಗೆ ವರದಿಗಾರ್ತಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವರು ಅವರೇ. ಮುಸ್ಲಿಂ ಮನೆಯ ಹೆಣ್ಣುಮಗಳೊಬ್ಬಳು ಜಿಲ್ಲಾ ಕೇಂದ್ರದಲ್ಲಿ ಸುದ್ದಿ ಬರೆಯೋದನ್ನು ಆ ಕಾಲದಲ್ಲಿ ಯಾರು ಊಹಿಸಿದ್ದರು?

ಇನ್ನೊಂದು ಮುಖವನ್ನೂ ಹೇಳಬೇಕು. ಲಂಕೇಶ್ ಪತ್ರಿಕೆಯ ಯಶಸ್ಸು ನೋಡಿ ಟ್ಯಾಬ್ಲಾಯ್ಡ್‌ಗಳ ಸಾಲೇ ಬಂತು. ಅದರಲ್ಲಿ ಒಳ್ಳೆಯವೂ ಇದ್ದವು. ಕೆಲವು ಮಾತ್ರ ಪುಟ ತೋರಿಸಿ ಹೆದರಿಸಿ ದುಡ್ಡು ಕೀಳುವ ಅಂಗಡಿಗಳಾದವು. ಬೈಕಿಗೆ ‘ಪ್ರೆಸ್’ ಅಂತ ಸ್ಟಿಕ್ಕರ್ ಅಂಟಿಸಿಕೊಂಡು ಪಂಚಾಯ್ತಿ ಆಫೀಸಿಗೆ ಬರುವವರನ್ನು ನೀವೂ ನೋಡಿರುತ್ತೀರಿ. ಜಾಹೀರಾತು ಬಿಟ್ಟ ಮಾತ್ರಕ್ಕೆ ಯಾರೂ ಪ್ರಾಮಾಣಿಕರಾಗೋದಿಲ್ಲ. ಒಬ್ಬರ ಹೆಸರಿನ ಮೇಲೆ ನಿಂತ ಪತ್ರಿಕೆಗೆ ಅದರದ್ದೇ ಕಷ್ಟವೂ ಇತ್ತು. 2000ದ ಜನವರಿಯಲ್ಲಿ ಲಂಕೇಶ್ ತೀರಿಕೊಂಡರು. 2005ರಲ್ಲಿ ಮಗಳು ಗೌರಿ ಬೇರೆಯಾಗಿ ‘ಗೌರಿ ಲಂಕೇಶ್ ಪತ್ರಿಕೆ’ ತಂದರು, ಅದೂ ಜಾಹೀರಾತಿಲ್ಲದೆ. 2017ರ ಸೆಪ್ಟೆಂಬರ್ 5ರ ರಾತ್ರಿ ಅವರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು.

ಒಬ್ಬರ ಮೇಲೆ ನಿಲ್ಲದ ದಾರಿಯೂ ನಮ್ಮಲ್ಲಿತ್ತು. 70ರ ದಶಕದಲ್ಲಿ ಮೈಸೂರಿನ ದಲಿತ ಯುವಕರು ಸೇರಿ ‘ಪಂಚಮ’ ಪತ್ರಿಕೆ ತಂದರು. ನಮ್ಮ ಪಕ್ಕದ ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪ ಕಟ್ಟಿದ ದಲಿತ ಸಂಘರ್ಷ ಸಮಿತಿಯ ಮಾತು ಕರಪತ್ರ, ಗೋಡೆಬರಹ, ಹಾಡುಗಳಲ್ಲಿ ಕೇರಿ ಕೇರಿಗೆ ಹೋಯಿತು. ಓದು ಬಾರದವರಿಗೆ ತಮಟೆ, ಹಾಡೇ ಪತ್ರಿಕೆ.

ನಮಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಕೋಲಾರ ಜಿಲ್ಲೆಯ ಬೂದಿಕೋಟೆಯ ಕತೆ. ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕರ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೆ ಹಳ್ಳಿಯವರಿಗೆ ರೇಡಿಯೋ ಲೈಸೆನ್ಸ್ ಕೊಡುವ ಕಾನೂನು ಇರಲಿಲ್ಲ. ಬಿಹಾರದ ಮನ್ಸೂರ್‌ಪುರದಲ್ಲಿ ರಿಪೇರಿ ಅಂಗಡಿಯ ಯುವಕನೊಬ್ಬ ತಾನೇ ಟ್ರಾನ್ಸ್‌ಮಿಟರ್ ಜೋಡಿಸಿ ಊರಿಗೆಲ್ಲ ಹಾಡು ಕೇಳಿಸುತ್ತಿದ್ದ. 2006ರಲ್ಲಿ ಅಧಿಕಾರಿಗಳು ಬಂದು ಅದನ್ನು ಮುಚ್ಚಿಸಿದರು.

ಬೂದಿಕೋಟೆಯವರು ಬೇರೆ ಉಪಾಯ ಹುಡುಕಿದರು. ತರಂಗಕ್ಕೆ ತಾನೇ ಅನುಮತಿ ಬೇಕು? ತಂತಿಗೆ ಬೇಡವಲ್ಲ! ಮೊದಲು ಊರಿನವರು, ಅದರಲ್ಲೂ ಸ್ವಸಹಾಯ ಸಂಘದ ಹೆಂಗಸರು, ತಾವೇ ಮೈಕು ಹಿಡಿದು ಕಾರ್ಯಕ್ರಮ ರೆಕಾರ್ಡ್ ಮಾಡಿದರು. ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಲ್ಲಿ ಹಾಕಿ ಕೇಳಿಸಿದರು. 2003ರ ಹೊತ್ತಿಗೆ ಊರಿನ ಕೇಬಲ್ ಟಿ.ವಿ. ತಂತಿಯೊಳಗೇ ದನಿ ಹರಿಸಿ ಮನೆಮನೆಗೆ ಮುಟ್ಟಿಸಿದರು. ಹೆಸರು ‘ನಮ್ಮ ಧ್ವನಿ’. ಆಂಟೆನಾ ಇಲ್ಲ, ಟವರ್ ಇಲ್ಲ, ಟಿ.ವಿ.ಯಿಂದ ರೇಡಿಯೋ ಬರುತ್ತಿತ್ತು. ಹೊರಗಿನ ನೆರವೇ ಇರಲಿಲ್ಲ ಅಂತಲ್ಲ. ಮೈರಾಡ, ವಾಯ್ಸಸ್ ಸಂಸ್ಥೆಗಳೂ ಯುನೆಸ್ಕೋವೂ ಕೈಜೋಡಿಸಿದ್ದವು. ದುಡ್ಡು, ಯಂತ್ರ ಹೊರಗಿನದಾದರೂ ದನಿ ಊರಿನದು. ಲಂಕೇಶರ ಲೆಕ್ಕದಲ್ಲಿ ಇದು ಪೂರ್ತಿ ಸ್ವತಂತ್ರ ಅಲ್ಲ ಅನ್ನಬಹುದು. ಆದರೆ ಲಂಕೇಶರ ಪತ್ರಿಕೆಯಲ್ಲಿ ಕೊನೆಯ ಮಾತು ಲಂಕೇಶರದ್ದಾಗಿತ್ತು, ಇಲ್ಲಿ ಮೈಕು ಕೈಯಿಂದ ಕೈಗೆ ಹೋಗುತ್ತಿತ್ತು. ಎರಡರಲ್ಲಿ ಒಂದನ್ನು ಆರಿಸಿ ಅಂದರೆ ನಾವು ಬೂದಿಕೋಟೆಯ ಕಡೆ ನಿಲ್ಲುತ್ತೇವೆ.

2006ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಅಲ್ಲಿಯವರೆಗೆ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಸಿಗುತ್ತಿದ್ದ ಸಮುದಾಯ ರೇಡಿಯೋ ಲೈಸೆನ್ಸ್ ಸಂಘ ಸಂಸ್ಥೆಗಳಿಗೂ ಸಿಗುವಂತಾಯಿತು. 2008ರಲ್ಲಿ ಬೀದರ್ ಗಡಿಯಾಚೆಯ ಹಳ್ಳಿಯೊಂದರಲ್ಲಿ ದಲಿತ ಹೆಣ್ಣುಮಕ್ಕಳೇ ನಡೆಸುವ ಸಂಘಂ ರೇಡಿಯೋ ಶುರುವಾಯಿತು.

ಲೈಸೆನ್ಸಿನ ಜೊತೆ ಒಂದು ಷರತ್ತೂ ಬಂತು. ಸಮುದಾಯ ರೇಡಿಯೋದವರು ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ, ಈಗ ಆಕಾಶವಾಣಿಯ ಸುದ್ದಿಯನ್ನು ಮಾತ್ರ ಕೇಳಿಸಬಹುದು. ಅಂದರೆ ಹೊನ್ನಾಳಿಯಲ್ಲಿ ನಾಳೆ ಇಂಥದ್ದೊಂದು ಕೇಂದ್ರ ಶುರುವಾಯಿತು ಅಂತಿಟ್ಟುಕೊಳ್ಳಿ. ಭತ್ತದ ರೋಗಕ್ಕೆ ಔಷಧಿ ಹೇಳಬಹುದು, ಸೋಬಾನೆ ಹಾಡಿಸಬಹುದು. ನಿನ್ನೆಯ ಗ್ರಾಮಸಭೆಯಲ್ಲಿ ಯಾರು ಏನು ಕೇಳಿದರು, ಯಾರು ಎದ್ದು ಹೋದರು ಅಂತ ಸುದ್ದಿ ಓದುವಂತಿಲ್ಲ.